ಹಳೆಯ ಕಂಪ್ಯೂಟರಿಗೆ ಹಾಕಿಸಿದ ಎಸ್‌ಎಸ್‌ಡಿ: ಮೂರು ವರ್ಷ ಬಳಸಿದ ಮೇಲೆ

ಇದು 240 ಜಿಬಿಯ, ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿಯೊಂದರ ವಿಮರ್ಶೆ. ಎಸ್‌ಎಸ್‌ಡಿ ಎಂದರೆ ತಿರುಗುವ ತಟ್ಟೆಯ ಬದಲು ಚಿಪ್ಪುಗಳಲ್ಲಿ ದತ್ತಾಂಶ ಇಡುವ ಡ್ರೈವ್; ಸಾಟಾ ಎಂದರೆ ಅದನ್ನು ಮದರ್‌ಬೋರ್ಡಿಗೆ ಜೋಡಿಸುವ ಬಗೆ. ಒಳಗೆ ಡಿರ‍್ಯಾಮ್ (ಡ್ರೈವಿನ ಸ್ವಂತದ ವೇಗದ ತಾತ್ಕಾಲಿಕ ಮೆಮೊರಿ) ಇಲ್ಲದ, ಕಡಿಮೆ ದರ್ಜೆಯದು. 2012ರಲ್ಲಿ ಕೊಂಡ ಮನೆಯ ಡೆಸ್ಕ್‌ಟಾಪಿನಲ್ಲಿ ಅದು ಮೂರು ವರ್ಷಕ್ಕೂ ಹೆಚ್ಚು ಕಾಲದಿಂದ ದಿನವೂ ಕೆಲಸ ಮಾಡುತ್ತಿದೆ. ಕೊಂಡ ವಾರವೇ ಬರೆದಿದ್ದರೆ ಐದಕ್ಕೆ ಐದು ಸ್ಟಾರ್ ಕೊಟ್ಟುಬಿಡುತ್ತಿದ್ದೆ, ಮೂರನೆಯ ವಾರ ಬರೆದಿದ್ದರೆ ಒಂದನ್ನು ಕೊಡುವುದಕ್ಕೂ ಕೈ ಬರುತ್ತಿರಲಿಲ್ಲ. ಎರಡೂ ತಪ್ಪಾಗುತ್ತಿದ್ದವು, ಏಕೆಂದರೆ ಕಂಪ್ಯೂಟರ್ ನಿಧಾನವಾಗುವುದು ಬೇರೆ, ಹ್ಯಾಂಗ್ ಆಗುವುದು ಬೇರೆ ಎಂಬುದು ಆಗ ನನಗೆ ತಿಳಿದಿರಲಿಲ್ಲ.

ಹಳೆಯ ಹಾರ್ಡ್ ಡಿಸ್ಕ್ ಇದ್ದಾಗ ಗುಂಡಿ ಒತ್ತಿ ಸ್ನಾನ ಮುಗಿಸಿ ಬಂದರೂ ಪರದೆ ಕೆಲಸಕ್ಕೆ ಸಿದ್ಧವಾಗಿರುತ್ತಿರಲಿಲ್ಲ. ತಾನಾಗಿ ತೆರೆದುಕೊಳ್ಳುವ ಪ್ರೋಗ್ರಾಂಗಳನ್ನು ನಿಲ್ಲಿಸಿದೆ, ಡಿಫ್ರಾಗ್ (ಚದುರಿದ ಕಡತಗಳ ತುಣುಕುಗಳನ್ನು ಒಂದೆಡೆ ಜೋಡಿಸುವುದು) ಮಾಡಿದೆ, ವಿಂಡೋಸನ್ನು ಹೊಸದಾಗಿ ಹಾಕಿದೆ. ಪ್ರತಿಯೊಂದರಿಂದಲೂ ನಾಲ್ಕು ದಿನದ ನೆಮ್ಮದಿ ಸಿಕ್ಕಿತೇ ಹೊರತು ಹೆಚ್ಚೇನಲ್ಲ. ಮೊದಲೇ ನೋಡಬೇಕಾಗಿದ್ದದ್ದು, ಯಾವ ಭಾಗ ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ಟಾಸ್ಕ್ ಮ್ಯಾನೇಜರನ್ನು. ಅಲ್ಲಿ ಪ್ರೊಸೆಸರ್ ಶೇ. 10ರ ಆಸುಪಾಸಿನಲ್ಲಿ ಸುಮ್ಮನೆ ಕುಳಿತಿದ್ದರೆ ಡಿಸ್ಕ್ ಮಾತ್ರ ನಿಮಿಷಗಟ್ಟಲೆ ಶೇ. 100ರಲ್ಲಿ ನಿಂತಿರುತ್ತಿತ್ತು. ನಿಮಿಷಕ್ಕೆ 7,200 ಸುತ್ತು ತಿರುಗುವ ತಟ್ಟೆಯಲ್ಲಿ ಬೇಕಾದ ಜಾಗ ಓದುವ ಮುಳ್ಳಿನ ಕೆಳಗೆ ಬರುವುದಕ್ಕೇ ಸರಾಸರಿ 4 ಮಿಲಿಸೆಕೆಂಡಿಗಿಂತ ತುಸು ಹೆಚ್ಚು ಬೇಕು, ಮುಳ್ಳು ಅತ್ತಿತ್ತ ಸರಿಯುವ ಹೊತ್ತು ಅದರ ಮೇಲೆ. ಹೀಗಾಗಿ ಚದುರಿಬಿದ್ದ ಚಿಕ್ಕ ಕಡತಗಳನ್ನು ಅದು ಸೆಕೆಂಡಿಗೆ ನೂರರಷ್ಟು ಸಲ ಓದಿದರೆ ದೊಡ್ಡದು. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಸ್ಮಾರ್ಟ್ ಮಾಹಿತಿಯನ್ನು ತೆಗೆದು ನೋಡಿದಾಗ, ಓದಲಾಗದೆ ಬಾಕಿ ಉಳಿದ 16 ಸೆಕ್ಟರ್‌ಗಳೂ ಕಂಡವು. ಅಂಥದ್ದೊಂದು ಜಾಗವನ್ನು ಡಿಸ್ಕ್ ಮತ್ತೆ ಮತ್ತೆ ಓದಲು ಹೆಣಗುವಾಗ ಪರದೆಯ ಮೂಲೆಯ ಗಡಿಯಾರವೂ ನಿಂತುಬಿಡುತ್ತಿತ್ತು. ಆ ಸಂಖ್ಯೆ ಸೊನ್ನೆಯಲ್ಲದಿದ್ದರೆ ಬೇರೆ ಯಾವ ಪ್ರಯೋಗಕ್ಕೂ ಮೊದಲು ಫೋಟೋಗಳನ್ನೂ ದಾಖಲೆಗಳನ್ನೂ ಇನ್ನೊಂದು ಕಡೆಗೆ ನಕಲು ಮಾಡಿಕೊಳ್ಳಬೇಕು. ನಾನು ಡಿಫ್ರಾಗ್ ಮಾಡಿ ಅದಕ್ಕೆ ಮತ್ತಷ್ಟು ದುಡಿಮೆ ಕೊಟ್ಟಿದ್ದೆ.

ಎಸ್‌ಎಸ್‌ಡಿ ಕೂರಿಸುವುದು ಕಷ್ಟವಾಗಲಿಲ್ಲ. ಬಯಾಸ್‌ನಲ್ಲಿ (ಕಂಪ್ಯೂಟರಿನ ಮೂಲ ಸೆಟ್ಟಿಂಗುಗಳಲ್ಲಿ) ಡ್ರೈವಿನೊಡನೆ ವ್ಯವಹರಿಸುವ ಕ್ರಮ ಐಡಿಇ ಎಂಬ ಹಳೆಯದಾಗಿದ್ದುದನ್ನು ಹೊಸದಾದ ಎಎಚ್‌ಸಿಐಗೆ ಬದಲಾಯಿಸಿ, ಹಳೆಯದರ ಪಡಿಯಚ್ಚು ತೆಗೆಯದೆ, ವಿಂಡೋಸ್ 10 ಅನ್ನು ಹೊಸದಾಗಿಯೇ ಹಾಕಿದೆ. ನಾಲ್ಕು ನಿಮಿಷ ಮೀರುತ್ತಿದ್ದ ಆರಂಭ 35 ಸೆಕೆಂಡಿಗೆ ಇಳಿಯಿತು. ಡಬ್ಬಿಯ ಮೇಲೆ ಸೆಕೆಂಡಿಗೆ 550 ಎಂಬಿ ಎಂದಿತ್ತು, ನನಗೆ ಸಿಕ್ಕಿದ್ದು ಸುಮಾರು 270. ಇದರಲ್ಲಿ ಎಸ್‌ಎಸ್‌ಡಿಯ ತಪ್ಪಿಲ್ಲ. ನನ್ನ ಮದರ್‌ಬೋರ್ಡಿನಲ್ಲಿರುವುದು ಸೆಕೆಂಡಿಗೆ 3 ಗಿಗಾಬಿಟ್ಟಿನ ಸಾಟಾ ಪೋರ್ಟುಗಳು ಮಾತ್ರ, ಅವುಗಳ ಮಿತಿ ಹೆಚ್ಚುಕಡಿಮೆ ಇಷ್ಟೇ. ದಿನನಿತ್ಯದ ಬಳಕೆಯಲ್ಲಿ ಈ ವ್ಯತ್ಯಾಸ ಗಮನಕ್ಕೇ ಬರುವುದಿಲ್ಲ.

ಮೂರನೆಯ ವಾರ ಮತ್ತೆ ಹ್ಯಾಂಗ್ ಶುರುವಾಯಿತು. ಮೌಸಿನ ಬಾಣ ಓಡಾಡುತ್ತದೆ, ಆದರೆ ಕ್ಲಿಕ್ ಮಾಡಿದ್ದೇನೂ ತೆರೆಯುವುದಿಲ್ಲ; ಪೆಟ್ಟಿಗೆಯ ಮುಂದಿನ ಕೆಂಪು ದೀಪ ಮಿನುಗದೆ ಒಂದೇ ಸಮನೆ ಉರಿಯುತ್ತದೆ; ಅರ್ಧ ನಿಮಿಷವಾದ ಮೇಲೆ ಒತ್ತಿದ್ದೆಲ್ಲ ಒಟ್ಟಿಗೆ ತೆರೆದುಕೊಳ್ಳುತ್ತದೆ. ವಾರಂಟಿಯ ಅರ್ಜಿಯನ್ನು ಅರ್ಧ ತುಂಬಿಯೂ ಆಗಿತ್ತು. ಅದರಲ್ಲಿ ಕೇಳಿದ್ದ ಸ್ಮಾರ್ಟ್ ವಿವರಗಳನ್ನು ಬರೆಯುವಾಗ 199ನೆಯ ಸಾಲಿನ ಸಿಆರ್‌ಸಿ ದೋಷಗಳ ಸಂಖ್ಯೆ 41 ಎಂದಿದ್ದದ್ದು ಎರಡು ದಿನದಲ್ಲಿ 58 ಆಗಿದ್ದು ಕಣ್ಣಿಗೆ ಬಿತ್ತು. ಆ ಸಾಲು ಎಣಿಸುವುದು ಡ್ರೈವಿಗೂ ಮದರ್‌ಬೋರ್ಡಿಗೂ ನಡುವಿನ ದಾರಿಯಲ್ಲಿ ಕೆಡುವ ದತ್ತಾಂಶವನ್ನು. ನಾನು ಹಳೆಯ ಸಾಟಾ ಕೇಬಲನ್ನೇ ಮತ್ತೆ ಸಿಕ್ಕಿಸಿದ್ದೆ. ಅದು ಹತ್ತು ವರ್ಷ ಒಂದೇ ಕಡೆ ಮಡಿಸಿಕೊಂಡಿದ್ದು, ಬೆರಳಿನಿಂದ ಮುಟ್ಟಿದರೂ ಅಲುಗಾಡುತ್ತಿತ್ತು. ಲೋಹದ ಕ್ಲಿಪ್ ಇರುವ ಹೊಸ ಕೇಬಲ್ ಹಾಕಿದ ದಿನ ಸಂಖ್ಯೆ 63 ಇತ್ತು, ಇಂದಿಗೂ 63ರಲ್ಲೇ ನಿಂತಿದೆ. ಆ ಲೆಕ್ಕ ಇಳಿಯುವಂಥದ್ದಲ್ಲ, ಏರದಿದ್ದರೆ ಸಾಕು.

ಎರಡನೆಯ ವರ್ಷ ಬಂದ ತೊಂದರೆ ಇನ್ನೊಂದು ಬಗೆಯದು. ವಿಡಿಯೋ ನೋಡುವಾಗ ಫ್ಯಾನ್ ಭೋರ್ಗರೆಯುತ್ತಿತ್ತು, ಹತ್ತು ನಿಮಿಷದ ಬಳಿಕ ಚಿತ್ರ ತಡವರಿಸುತ್ತಿತ್ತು, ಪ್ರೊಸೆಸರಿನ ತಾಪ 96 ಡಿಗ್ರಿ ಮುಟ್ಟುತ್ತಿತ್ತು. ಅಷ್ಟು ಬಿಸಿಯಾದಾಗ ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಫ್ಯಾನನ್ನು ಬಿಚ್ಚಿದರೆ ಪ್ರೊಸೆಸರಿನ ಬಿಸಿ ಹೀರುವ ಹೀಟ್‌ಸಿಂಕಿನ ರೆಕ್ಕೆಗಳ ಮೇಲೆ ಧೂಳು ಕಂಬಳಿಯ ತುಂಡಿನಂತೆ ಹಾಸಿಕೊಂಡಿತ್ತು, ಬಿಸಿಯನ್ನು ಅದಕ್ಕೆ ದಾಟಿಸುವ ಕೆಳಗಿನ ಥರ್ಮಲ್ ಪೇಸ್ಟ್ ಒಣಗಿದ ಸುಣ್ಣದಂತೆ ಪುಡಿಯಾಯಿತು. ಧೂಳು ತೆಗೆದು ಪೇಸ್ಟ್ ಬದಲಿಸಿದ ಮೇಲೆ ತಾಪ 70 ಡಿಗ್ರಿ ದಾಟಿಲ್ಲ. ರ‍್ಯಾಮನ್ನು 4ರಿಂದ 8 ಜಿಬಿಗೆ ಏರಿಸಿದ್ದೂ ಆಗಲೇ. ನಿಜ ಹೇಳಬೇಕೆಂದರೆ, ರ‍್ಯಾಮಿನ ಕೊರತೆಯನ್ನು ಎಸ್‌ಎಸ್‌ಡಿ ತನ್ನ ವೇಗದಿಂದ ಅಷ್ಟು ದಿನ ಮುಚ್ಚಿಟ್ಟಿತ್ತು.

ಇನ್ನು ಈ ಎಸ್‌ಎಸ್‌ಡಿಯದೇ ಆದ ಕೊರತೆಗಳು. 20–30 ಜಿಬಿ ವಿಡಿಯೋಗಳನ್ನು ಒಂದೇ ಸಲ ನಕಲು ಮಾಡಿದರೆ, ಮೊದಲ ಕೆಲವು ಜಿಬಿ ಸರಾಗವಾಗಿ ಹೋಗಿ, ಆಮೇಲೆ ವೇಗ ಹಳೆಯ ಹಾರ್ಡ್ ಡಿಸ್ಕಿಗಿಂತಲೂ ಕೆಳಗೆ ಕುಸಿಯುತ್ತದೆ. ಒಮ್ಮೆ ಖಾಲಿ ಜಾಗ 12 ಜಿಬಿಗೆ ಇಳಿದಾಗ ಎಲ್ಲವೂ ಮಂದವಾಯಿತು. ಈಗ 40 ಜಿಬಿಯನ್ನು ಖಾಲಿ ಬಿಟ್ಟಿರುತ್ತೇನೆ. ಬರೆದಂತೆಲ್ಲ ಚಿಪ್ಪುಗಳಿಗೆ ಆಗುವ ಸವೆತ ಮಾತ್ರ ಭಯಪಟ್ಟಷ್ಟಿಲ್ಲ: ಇದುವರೆಗೆ ಬರೆದದ್ದು 14 ಟಿಬಿ, ಉಳಿದ ಆಯುಸ್ಸು ಶೇ. 94 ಎಂದು ತೋರಿಸುತ್ತದೆ. ಆದರೆ ಕೆಡುವ ಮುನ್ನ ಟಿಕ್ ಟಿಕ್ ಎಂದು ಎಚ್ಚರಿಸಲು ಇದರಲ್ಲಿ ತಿರುಗುವ ಭಾಗವೇ ಇಲ್ಲವಾದ್ದರಿಂದ, ತಿಂಗಳಿಗೊಮ್ಮೆ ಹೊರಗಿನ ಡಿಸ್ಕಿಗೆ ಬ್ಯಾಕಪ್ ತೆಗೆಯುವುದನ್ನು ಬಿಟ್ಟಿಲ್ಲ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ವಿಂಡೋಸ್ 11 ಕೇಳುವ ಅರ್ಹತೆ ನನ್ನ ಪ್ರೊಸೆಸರಿಗೆ ಇಲ್ಲ. ಹಾಗಾಗಿ ಇದೇ ಎಸ್‌ಎಸ್‌ಡಿಯ ಮೇಲೆ ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮನ್ನು ಹಾಕಿಕೊಂಡಿದ್ದೇನೆ. ಆರಂಭಕ್ಕೆ ಅರ್ಧ ನಿಮಿಷ ಸಾಕು. ನನ್ನ ಲೆಕ್ಕದಲ್ಲಿ ನಾಲ್ಕು ಸ್ಟಾರ್. ಒಂದನ್ನು ಕಳೆದದ್ದು ದೊಡ್ಡ ಕಡತಗಳ ನಕಲಿಗಾಗಿ. ಮತ್ತೊಮ್ಮೆ ಕೊಳ್ಳುವುದಾದರೆ ಡಿರ‍್ಯಾಮ್ ಇರುವ 500 ಜಿಬಿಯದನ್ನು, ಮತ್ತು ಅದರ ಜೊತೆಗೇ ಒಂದು ಹೊಸ ಕೇಬಲನ್ನು ಕೊಳ್ಳುತ್ತೇನೆ.