ಕ್ಯಾಲಿಫೋರ್ನಿಯಾದ ಸ್ಪೆಷಲ್ ಎಜುಕೇಶನ್ ದೂರು ವ್ಯವಸ್ಥೆ: ಯಾವ ಬಾಗಿಲು ಯಾವುದಕ್ಕೆ?

ಬೇ ಏರಿಯಾದ ಕನ್ನಡ ಮನೆಗಳಲ್ಲಿ ವಿಶೇಷ ಶಿಕ್ಷಣ ಬೇಕಾದ ಮಗುವಿಗೆ ಐಇಪಿ, ಅಂದರೆ ಶಾಲೆ ಆ ಮಗುವಿಗಾಗಿಯೇ ಮಾಡುವ ಶಿಕ್ಷಣ ಯೋಜನೆ, ಆಯಿತೆಂದರೆ ಕೆಲಸ ಮುಗಿಯಿತು ಎಂದುಕೊಳ್ಳುವವರುಂಟು. ಯಾವ ಸೇವೆ, ವಾರಕ್ಕೆ ಎಷ್ಟು ನಿಮಿಷ, ಎಲ್ಲಿ ಎಂದು ಬರೆದಿಡುವ ಆ ಯೋಜನೆ ಕಾಗದದಲ್ಲಿ ಚೆನ್ನಾಗಿಯೇ ಇರುತ್ತದೆ. ತರಗತಿಯಲ್ಲಿ ಅದು ನಡೆಯದಿದ್ದರೆ ಎಲ್ಲಿಗೆ ಹೋಗಬೇಕು? ರಾಜ್ಯ ಮೂರು ಬಾಗಿಲು ಇಟ್ಟಿದೆ. ಒಂದು, ರಾಜ್ಯ ಶಿಕ್ಷಣ ಇಲಾಖೆಗೆ, ಅಂದರೆ ಸಿಡಿಇಗೆ, ಲಿಖಿತ ದೂರು. ಎರಡು, ಆಫೀಸ್ ಆಫ್ ಅಡ್ಮಿನಿಸ್ಟ್ರೇಟಿವ್ ಹಿಯರಿಂಗ್ಸ್ ಎಂಬ ರಾಜ್ಯದ ವಿಚಾರಣಾ ಕಚೇರಿ ನಡೆಸುವ ಮಧ್ಯಸ್ಥಿಕೆ. ಮೂರು, ಅದೇ ಕಚೇರಿಯ ಡ್ಯೂ ಪ್ರೊಸೆಸ್ ವಿಚಾರಣೆ, ಅಂದರೆ ಸಾಕ್ಷಿ, ದಾಖಲೆ ನೋಡಿ ತೀರ್ಪು ಕೊಡುವ ವಿಚಾರಣೆ. ಮೂರಕ್ಕೂ ಅರ್ಜಿ ಶುಲ್ಕವಿಲ್ಲ. ಹೆತ್ತವರ ವೀಸಾ ಯಾವುದಾದರೂ ಮಗುವಿನ ಹಕ್ಕಿಗೆ ಕುಂದಿಲ್ಲ. ಪಟ್ಟ ಶ್ರಮಕ್ಕೆ ಹೆಚ್ಚು ಫಲ ಕೊಡುವುದು ಮೊದಲನೆಯದು. ಆದರೆ ತಪ್ಪು ವಿಷಯ ಹಿಡಿದು ಅಲ್ಲಿಗೆ ಹೋದರೆ ಎರಡು ತಿಂಗಳು ದಂಡ.

ಐಇಪಿಯಲ್ಲಿ ಇದ್ದದ್ದು ನಡೆದಿಲ್ಲ, ಗಡುವು ಮೀರಿದೆ, ಕರೆಯಬೇಕಾದ ಮೀಟಿಂಗ್ ಕರೆದಿಲ್ಲ: ಇಂಥವಕ್ಕೆ ಸಿಡಿಇ ದೂರು ಹೇಳಿ ಮಾಡಿಸಿದ್ದು. ವಕೀಲರು ಬೇಕಿಲ್ಲ, ಸಾಕ್ಷಿಗಳನ್ನು ಕರೆತರಬೇಕಿಲ್ಲ. ತಪ್ಪು ನಡೆದು ಒಂದು ವರ್ಷ ದಾಟಿರಬಾರದು. ಇಲಾಖೆ ಸಾಮಾನ್ಯವಾಗಿ 60 ದಿನದೊಳಗೆ ಲಿಖಿತ ತೀರ್ಮಾನ ಕೊಡಬೇಕು. ಪತ್ರದಲ್ಲಿ ಮಗುವಿನ ಹೆಸರು, ವಿಳಾಸ, ಶಾಲೆ, ಯಾವ ನಿಯಮ ಮುರಿದಿದೆ, ಅದಕ್ಕೆ ಆಧಾರವೇನು, ಏನು ಮಾಡಿದರೆ ಸರಿಹೋಗುತ್ತದೆ ಎಂಬುದೆಲ್ಲ ಇದ್ದು ಸಹಿ ಇರಬೇಕು. ಶಾಲೆಯನ್ನು ನಡೆಸುವ ಸ್ಕೂಲ್ ಡಿಸ್ಟ್ರಿಕ್ಟ್‌ಗೂ ಜೊತೆಯಲ್ಲೇ ಒಂದು ಪ್ರತಿ ಹೋಗಬೇಕು. ಎಷ್ಟೋ ಜನ ಮರೆಯುವುದು ಇದನ್ನೇ.

ದೂರು ಸೋಲುವುದು ಬಹುಪಾಲು ಬರೆದ ರೀತಿಯಿಂದ. "ಶಾಲೆಯವರು ನಮ್ಮ ಮಗುವನ್ನು ಸರಿಯಾಗಿ ನೋಡಿಕೊಳ್ಳುತ್ತಿಲ್ಲ" ಎಂದರೆ ತನಿಖೆಗೆ ಹಿಡಿಯಲು ಎಳೆಯೇ ಸಿಗದು. ಬದಲಿಗೆ ಹೀಗಿರಲಿ: "ಐಇಪಿಯಲ್ಲಿ ವಾರಕ್ಕೆ ಎರಡು ಬಾರಿ, ತಲಾ 30 ನಿಮಿಷ ಸ್ಪೀಚ್ ಥೆರಪಿ ಇದೆ. 12 ವಾರಕ್ಕೆ 24 ಸೆಷನ್ ಆಗಬೇಕಿತ್ತು. ಸರ್ವಿಸ್ ಲಾಗ್ ಪ್ರಕಾರ ಆದದ್ದು 9. ಬಾಕಿ 15 ಸೆಷನ್, 450 ನಿಮಿಷ. ಅಷ್ಟನ್ನೂ ಪರಿಹಾರ ಸೇವೆಯಾಗಿ ಕೊಡಿಸಿ." ಇನ್ನು ತನಿಖೆ ಮಾಡುವವರಿಗೆ ಕೂಡಿ ಕಳೆಯುವುದಷ್ಟೇ ಕೆಲಸ. ಯಾವ ದಿನ ಎಷ್ಟು ಸೇವೆ ಆಯಿತೆಂದು ಬರೆದಿಡುವ ಆ ಲಾಗ್ ಕೈಗೆ ಬರಬೇಕಾದರೆ ಮೊದಲು ದಾಖಲೆ ಕೇಳಿ ಪತ್ರ ಕೊಡಬೇಕು. ಕ್ಯಾಲಿಫೋರ್ನಿಯಾದಲ್ಲಿ 5 ಕೆಲಸದ ದಿನಗಳೊಳಗೆ ಕೊಡುವುದು ಕಡ್ಡಾಯ. ಬರೀ "ಫೈಲ್ ಕೊಡಿ" ಎಂದರೆ ಐಇಪಿಯ ಪ್ರತಿಗಳಷ್ಟೇ ಬಂದಾವು. ಸರ್ವಿಸ್ ಲಾಗ್, ಪ್ರಗತಿ ವರದಿ, ಅಸೆಸ್‌ಮೆಂಟ್ (ಮಗುವಿನ ಅಗತ್ಯ ಅಳೆಯುವ ಪರೀಕ್ಷೆ) ವರದಿ ಎಂದು ಒಂದೊಂದನ್ನೂ ಹೆಸರಿಸಿ ಕೇಳಿ.

ಈ ಬಾಗಿಲಿಗೆ ಮಿತಿಯೂ ಉಂಟು. "ವಾರಕ್ಕೆ ಎರಡು ಸಾಲದು, ನಾಲ್ಕು ಬೇಕು" ಎಂಬ ಜಗಳವನ್ನು ಕಾಗದಪತ್ರ ನೋಡಿ ತೀರಿಸುವುದು ಕಷ್ಟ. ಅದು ತಜ್ಞರ ಮಾತನ್ನು ತೂಗಿ ನೋಡಬೇಕಾದ ವಿಷಯ, ಅದರ ಜಾಗ ವಿಚಾರಣೆ. ಒಂದೇ ವಿಷಯವನ್ನು ಎರಡೂ ಕಡೆ ಹಾಕಿದರೆ ವಿಚಾರಣೆ ಮುಗಿಯುವ ತನಕ ಸಿಡಿಇ ಆ ಭಾಗವನ್ನು ಬದಿಗಿಡುತ್ತದೆ.

ಮಧ್ಯಸ್ಥಿಕೆಗೆ ಸಾಧಾರಣ ಅಂಕ. ಮಧ್ಯಸ್ಥಿಕೆಯನ್ನಷ್ಟೇ ಕೋರಿದರೆ 15 ದಿನದೊಳಗೆ ದಿನ ಗೊತ್ತುಮಾಡಿ 30 ದಿನದೊಳಗೆ ಮುಗಿಸಬೇಕು, ಎರಡೂ ಕಡೆಗೆ ವಕೀಲರು ಬರುವಂತಿಲ್ಲ. ಅಲ್ಲಿ ಆಡಿದ ಮಾತನ್ನು ಮುಂದೆ ಸಾಕ್ಷ್ಯವಾಗಿ ಎತ್ತುವಂತಿಲ್ಲ, ಲಿಖಿತ ಒಪ್ಪಂದವಾದರೆ ಕೋರ್ಟಿನಲ್ಲಿ ಜಾರಿ ಮಾಡಿಸಬಹುದು. ಆದರೆ ಎದುರಿನವರು ಒಪ್ಪಿದರೆ ಮಾತ್ರ ಇದೆಲ್ಲ. ಹಣ ಮಂಜೂರು ಮಾಡುವ ಅಧಿಕಾರವಿಲ್ಲದವರನ್ನು ಕಳಿಸಿಬಿಟ್ಟರೆ ಇಡೀ ದಿನ ಕೂತು ಬರಿಗೈಲಿ ಎದ್ದು ಬರಬೇಕಾದೀತು. ಸಹಿ ಹಾಕುವ ಅಧಿಕಾರ ಯಾರಿಗಿದೆ, ಅವರು ಬರುತ್ತಾರೆಯೇ ಎಂದು ಮುಂಚೆಯೇ ಇಮೇಲ್‌ನಲ್ಲಿ ಕೇಳಿಕೊಳ್ಳಿ.

ಡ್ಯೂ ಪ್ರೊಸೆಸ್ ಹೆಸರಿಗೆ ಉಚಿತ, ನಡೆಸಹೊರಟರೆ ದುಬಾರಿ. ಎರಡು ವರ್ಷದೊಳಗಿನ ವಿಷಯ ಎತ್ತಬಹುದು. ಅರ್ಜಿ ಸಿಕ್ಕ 15 ದಿನದೊಳಗೆ ಡಿಸ್ಟ್ರಿಕ್ಟ್ ರೆಸಲ್ಯೂಶನ್ ಮೀಟಿಂಗ್, ಅಂದರೆ ರಾಜಿ ಮಾತುಕತೆ, ಕರೆಯಬೇಕು. ಒಟ್ಟು 30 ದಿನದಲ್ಲಿ ಬಗೆಹರಿಯದಿದ್ದರೆ ಮುಂದಿನ 45 ದಿನದಲ್ಲಿ ತೀರ್ಪು ಎಂಬುದು ನಿಯಮ. ಮುಂದೂಡಿಕೆ ಸಿಕ್ಕರೆ ಇದು ಎಳೆಯುತ್ತದೆ. ಸುಪ್ರೀಂ ಕೋರ್ಟ್ 2005ರಲ್ಲಿ ಶಾಫರ್ ಪ್ರಕರಣದಲ್ಲಿ ಹೇಳಿದಂತೆ, ಯಾರು ಅರ್ಜಿ ಹಾಕುತ್ತಾರೋ ಸಾಬೀತು ಮಾಡುವ ಹೊರೆ ಅವರದೇ. ಗೆದ್ದರೆ ವಕೀಲರ ಫೀಸನ್ನು ಡಿಸ್ಟ್ರಿಕ್ಟ್‌ನಿಂದ ಕೇಳಬಹುದು, ಆದರೆ ತಜ್ಞರಿಗೆ ಕೊಟ್ಟದ್ದು ವಾಪಸ್ ಬರದು. 2006ರ ಆರ್ಲಿಂಗ್ಟನ್ ತೀರ್ಪು ಆ ದಾರಿ ಮುಚ್ಚಿತು. ವಿಚಾರಣೆಗೆ 5 ಕೆಲಸದ ದಿನ ಮೊದಲೇ ಸಾಕ್ಷಿಗಳ ಪಟ್ಟಿ, ದಾಖಲೆ ಎಲ್ಲವನ್ನೂ ಎದುರಿನವರಿಗೆ ಕೊಟ್ಟಿರಬೇಕು. ಕೊಡದ ಕಾಗದವನ್ನು ಅಂದು ಹೊರತೆಗೆದರೆ ತಡೆಯುತ್ತಾರೆ. ಇಷ್ಟಾದರೂ ಈ ಬಾಗಿಲಿನಲ್ಲಿ ಸಿಡಿಇ ದೂರಿನಲ್ಲಿಲ್ಲದ ಒಂದು ಬಲವಿದೆ, ಸ್ಟೇ-ಪುಟ್. ಪ್ರಕರಣ ಮುಗಿಯುವ ತನಕ, ಹೆತ್ತವರು ಕೊನೆಯದಾಗಿ ಒಪ್ಪಿದ ಐಇಪಿಯ ಸೇವೆಯಲ್ಲೇ ಮಗು ಇರುತ್ತದೆ. ಸೇವೆ ಕಡಿತ ಮಾಡುತ್ತೇವೆಂದು ಹೊರಟಾಗ ಹಿಡಿಯಬೇಕಾದ ಬಾಗಿಲು ಇದೇ.

ಬಾಗಿಲು ತಟ್ಟುವ ಸ್ಥಿತಿ ಬರುವುದು ಎಷ್ಟೋ ಸಲ ಮೀಟಿಂಗ್‌ನಲ್ಲಿ ಆದ ಎಡವಟ್ಟಿನಿಂದ. ಟೀಚರ್ ಬೇಜಾರು ಮಾಡಿಕೊಂಡಾರು ಎಂದು ಅಲ್ಲೇ ಸಹಿ ಹಾಕಿಬಿಡುವುದು ನಮ್ಮವರ ಅಭ್ಯಾಸ. ಹಾಕಬೇಕಿಲ್ಲ. ಮನೆಗೆ ತಂದು ಓದಿ, ಒಪ್ಪಿದ ಭಾಗಕ್ಕೆ ಮಾತ್ರ ಒಪ್ಪಿಗೆ ಎಂದು ಬರೆದು ಕೊಡಬಹುದು. ಅಷ್ಟನ್ನು ಡಿಸ್ಟ್ರಿಕ್ಟ್ ತಡಮಾಡದೆ ಆರಂಭಿಸಬೇಕು. 24 ಗಂಟೆ ಮುಂಚೆ ತಿಳಿಸಿದರೆ ಮೀಟಿಂಗ್‌ನ ಆಡಿಯೊ ರೆಕಾರ್ಡ್ ಮಾಡಿಕೊಳ್ಳಬಹುದು. ಕೇಳಿದ್ದನ್ನು ಬಾಯಿಮಾತಿನಲ್ಲಿ ನಿರಾಕರಿಸಿದರೆ ಪ್ರಯರ್ ರಿಟನ್ ನೋಟಿಸ್ ಕೇಳಿ: ಏಕೆ ಇಲ್ಲ, ಯಾವ ವರದಿ ಆಧರಿಸಿ ಇಲ್ಲ, ಬೇರೆ ಏನನ್ನು ಪರಿಗಣಿಸಿ ಕೈಬಿಟ್ಟರು ಎಂದು ಅವರು ಬರೆದು ಕೊಡಬೇಕಾಗುತ್ತದೆ. ಬರೆಯುವ ಹೊತ್ತಿಗೆ ಕೆಲವು "ಇಲ್ಲ"ಗಳು "ನೋಡೋಣ" ಆಗುವುದುಂಟು.

ಅಸೆಸ್‌ಮೆಂಟ್ ಕೇಳುವುದೂ ಪತ್ರದಲ್ಲೇ ಇರಲಿ. 15 ದಿನದೊಳಗೆ ಅಸೆಸ್‌ಮೆಂಟ್ ಪ್ಲಾನ್ ಬರಬೇಕು, ಅದಕ್ಕೆ ನೀವು ಸಹಿ ಮಾಡಿ ಕೊಟ್ಟ 60 ದಿನದೊಳಗೆ ಐಇಪಿ ಮೀಟಿಂಗ್ ಆಗಬೇಕು. 5 ಶಾಲಾ ದಿನ ಮೀರಿದ ರಜೆಗಳು ಲೆಕ್ಕಕ್ಕಿಲ್ಲ. ಬಂದ ವರದಿ ಒಪ್ಪಿಗೆಯಾಗದಿದ್ದರೆ "ಈ ಅಸೆಸ್‌ಮೆಂಟ್‌ಗೆ ನಮ್ಮ ಅಸಮ್ಮತಿ ಇದೆ, ಸಾರ್ವಜನಿಕ ವೆಚ್ಚದಲ್ಲಿ ಸ್ವತಂತ್ರ ಅಸೆಸ್‌ಮೆಂಟ್ ಬೇಕು" ಎಂದು ಬರೆಯಿರಿ. ಆಗ ಡಿಸ್ಟ್ರಿಕ್ಟ್‌ಗೆ ಎರಡೇ ದಾರಿ: ಹಣ ಕೊಡಬೇಕು, ಇಲ್ಲವೇ ತಮ್ಮ ವರದಿ ಸರಿಯಿದೆ ಎಂದು ತಾವೇ ವಿಚಾರಣೆಗೆ ಹೋಗಿ ಸಾಬೀತು ಮಾಡಬೇಕು.

ಕನ್ನಡದ ವಿಷಯವನ್ನು ಇಲ್ಲಿ ಬಿಡಬಾರದು. ಸಾಧ್ಯವಿರುವ ಕಡೆ ಮಗುವಿನ ಮನೆಮಾತಿನಲ್ಲೂ ಪರೀಕ್ಷಿಸಬೇಕೆಂದು ಕಾನೂನಿದೆ. "ನೀರು ಬೇಕು" ಎಂಬ ಜಾಡಿನಲ್ಲೇ "ವಾಟರ್ ವಾಂಟ್" ಎನ್ನುವ ಮಗುವನ್ನು ಇಂಗ್ಲಿಷ್ ಪರೀಕ್ಷೆಯೊಂದರಿಂದಲೇ ಅಳೆದರೆ ಎರಡು ಭಾಷೆಯ ಬೆರಕೆ ಯಾವುದು, ನಿಜವಾದ ತೊಡಕು ಯಾವುದು ತಿಳಿಯುವುದಿಲ್ಲ. ಇಂಗ್ಲಿಷ್ ತೊಡಕಾದ ತಂದೆತಾಯಿಗೆ ಮೀಟಿಂಗ್‌ನಲ್ಲಿ ದುಭಾಷಿಯನ್ನು ಕೊಡುವುದೂ ಡಿಸ್ಟ್ರಿಕ್ಟ್ ಹೊಣೆ. ಕನ್ನಡದವರು ಸಿಗುವುದು ತಡವಾಗಬಹುದು, ಆದ್ದರಿಂದ ಮೀಟಿಂಗ್ ದಿನ ಗೊತ್ತಾದ ಕೂಡಲೇ ಬರೆದು ಕೇಳಿ. ಹಿಂದಿ ದುಭಾಷಿ ಸಾಕಲ್ಲವೇ ಎಂದರೆ ಸಂಕೋಚ ಬಿಟ್ಟು ಸಾಲದು ಎನ್ನಿ.

ಕೊನೆಗೆ, ಡಿಸ್ಟ್ರಿಕ್ಟ್ ಜೊತೆ ರಾಜಿಯಾದಾಗ ಸಹಿ ಹಾಕುವ ಸೆಟಲ್‌ಮೆಂಟ್ ಕಾಗದ. ಕೊಡುವ ಗಂಟೆಗಳ ಲೆಕ್ಕ ಮೊದಲ ಪುಟದಲ್ಲೇ ಕಾಣುತ್ತದೆ, "ಗೊತ್ತಿರುವ ಮತ್ತು ಗೊತ್ತಿಲ್ಲದ ಎಲ್ಲ ಹಕ್ಕುಸಾಧನೆಗಳನ್ನು ಬಿಟ್ಟುಕೊಟ್ಟಿದ್ದೇವೆ" ಎಂಬ ಸಾಲು ಹಿಂದೆಲ್ಲೋ ಇರುತ್ತದೆ. ಆ ಬಿಟ್ಟುಕೊಡುವಿಕೆ ಸಹಿಯ ದಿನಕ್ಕೇ ನಿಲ್ಲುತ್ತದೆಯೇ, ಮುಂದಿನ ಶಾಲಾ ವರ್ಷವನ್ನೂ ನುಂಗುತ್ತದೆಯೇ ಎಂದು ನೋಡಿಕೊಂಡೇ ಪೆನ್ ಎತ್ತಿ.