ಟಾಮ್‌ಕ್ಯಾಟ್ ಅಪ್‌ಗ್ರೇಡ್ ಮಾಡಿಸುವವರು ಓದಿ: ಕೆಂಪು ಹೋಯ್ತು ಅಂತ ನಂಬಿ ನಾನು ಕೆಟ್ಟೆ

ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ಹಿಂದೆ ಮುಂದೆ ಆದರೆ ಸುಧಾರಿಸಿಕೊಳ್ಳಿ. ದಾವಣಗೆರೆ ಎಪಿಎಂಸಿಯಲ್ಲಿ ಒಂದು ಮೆಕ್ಕೆಜೋಳದ ಮಂಡಿಯ ಕಂಪ್ಯೂಟರ್ ಕೆಲಸವೆಲ್ಲ ನನ್ನದೇ. ತೂಕದ ಚೀಟಿ, ರೈತರ ಬಿಲ್ಲು, ಎಲ್ಲಾ ಟಾಮ್‌ಕ್ಯಾಟ್ (ಜಾವಾದಲ್ಲಿ ಬರೆದ ಸಾಫ್ಟ್‌ವೇರ್ ಓಡಿಸುವ ಸರ್ವರ್ ಪ್ರೋಗ್ರಾಂ) ಮೇಲೆ ಓಡುವ ಹಳೇ ಸಾಫ್ಟ್‌ವೇರಿನಲ್ಲಿ. ಮೆಮೊರಿ ತುಂಬುತ್ತಾ ಬಂದರೆ ಸರ್ವರ್ ಮೇಲೆ ಕಣ್ಣಿಡುವ ಝ್ಯಾಬಿಕ್ಸ್ ಅನ್ನುವ ಮಾನಿಟರಿಂಗ್ ಸಾಫ್ಟ್‌ವೇರಿನಿಂದ ನನ್ನ ಫೋನಿಗೆ ಮೆಸೇಜ್ ಬರುತ್ತಿತ್ತು. ನಾಲ್ಕು ವರ್ಷ ನೆಮ್ಮದಿಯಾಗಿದ್ದೆ.

ಟಾಮ್‌ಕ್ಯಾಟ್ 8.5ಕ್ಕೆ 2024ರ ಮಾರ್ಚ್ 31ಕ್ಕೇ ಸಪೋರ್ಟ್ ಮುಗಿದಿತ್ತು. ಎಳೆದೂ ಎಳೆದೂ ಕೊನೆಗೆ ಇಲ್ಲೇ ಊರಲ್ಲಿ ಆಫೀಸ್ ಇಟ್ಟುಕೊಂಡ ಒಬ್ಬನಿಗೆ ಕೆಲಸ ಕೊಟ್ಟೆ. 18,000 ರೂಪಾಯಿ. "10 ಬೇಡ ಸಾರ್, ಅದರಲ್ಲಿ ಜಾವಾಎಕ್ಸ್ ಹೋಗಿ ಜಕಾರ್ತಾ ಆಗಿದೆ, ನಿಮ್ಮ ಸಾಫ್ಟ್‌ವೇರ್ ಏಳಲ್ಲ, 9ಕ್ಕೆ ಹೋಗೋಣ" ಅಂದ. ಸರಿಯಾದ ಮಾತೇ, ಟಾಮ್‌ಕ್ಯಾಟ್ 10ರಲ್ಲಿ ಜಾವಾ ಕೋಡಿನೊಳಗಿನ ಹೆಸರುಗಳೇ ಹಾಗೆ ಬದಲಾಗಿವೆ, ಹಳೇ ಹೆಸರಿನಲ್ಲಿ ಬರೆದ ಸಾಫ್ಟ್‌ವೇರ್ ಹಾಗೇ ಓಡಲ್ಲ. ಇಷ್ಟು ಗೊತ್ತಿದೆಯಲ್ಲ ಅಂತ ನಂಬಿದೆ. ಮಾನಿಟರಿಂಗ್ ಕೆಡಲ್ಲ ತಾನೇ ಅಂತ ಎರಡು ಸಲ ಕೇಳಿದೆ. ಎರಡು ಸಲ! "ಅದು ಹಂಗೇ ಬರುತ್ತೆ ಸಾರ್, ಟೆನ್ಷನ್ ಬಿಡ್ರಿ."

ಶನಿವಾರ ರಾತ್ರಿ ಮಾಡಿದ. ಭಾನುವಾರ ಬೆಳಿಗ್ಗೆ ನೋಡಿದರೆ ಝ್ಯಾಬಿಕ್ಸ್ ತುಂಬಾ ಕೆಂಪು ಎಚ್ಚರಿಕೆ, ಗ್ರಾಫ್ ಅರ್ಧಕ್ಕೇ ನಿಂತಿದೆ. ಫೋನ್ ಮಾಡಿದರೆ, "ಹೊಸ ವರ್ಷನ್ ಅಲ್ವಾ ಸಾರ್, ಡೇಟಾ ಸೆಟ್ ಆಗೋಕೆ ಒಂದು ದಿನ ಬೇಕು." ಸೆಟ್ ಆಗೋಕೆ ಅದೇನು ಹೆಪ್ಪು ಹಾಕಿದ ಮೊಸರಾ? ಈಗ ಕೇಳುತ್ತೇನೆ, ಆವತ್ತು ಹೂಂ ಅಂದೆ. ಸೋಮವಾರ ಕೆಂಪೆಲ್ಲ ಮಾಯ. ಖುಷಿಯಾಗಿ ವಾಟ್ಸಾಪ್‌ನಲ್ಲಿ ಹೆಬ್ಬೆಟ್ಟು ಎತ್ತಿದ ಚಿತ್ರ ಕಳಿಸಿ ದುಡ್ಡೂ ಹಾಕಿಬಿಟ್ಟೆ. ಆ ಹೆಬ್ಬೆಟ್ಟು ನೆನಪಿಡಿ.

ಹನ್ನೆರಡನೇ ದಿನ, ಸೀಸನ್ನಿನ ಭರಾಟೆ, ಗೇಟಿನವರೆಗೆ ಟ್ರ್ಯಾಕ್ಟರ್ ನಿಂತಿವೆ, ಬೆಳಿಗ್ಗೆ 11ಕ್ಕೆ ಸಾಫ್ಟ್‌ವೇರ್ ಕಲ್ಲಾಯಿತು. ಒಂದು ಚೀಟಿ ಬರುತ್ತಿಲ್ಲ. ಹಮಾಲರು ಚೀಲದ ಮೇಲೆ ಕೂತರು. ಜಗಳೂರು ಕಡೆಯ ಅಜ್ಜ ಒಬ್ಬರು "ಕೈಯಲ್ಲೇ ಬರ್ಕೊಡ್ರಪ್ಪಾ" ಅಂದರು. ಸಾವ್ಕಾರ್ರು ಎಲ್ಲರೆದುರೇ, "ಏನಪ್ಪಾ, ನಿನ್ನ ಫೋನಿಗೆ ಮೊದಲೇ ಗೊತ್ತಾಗುತ್ತೆ ಅಂತಿದ್ದೆ?"

ಲಾಗ್ ತೆಗೆದರೆ ಔಟ್ ಆಫ್ ಮೆಮೊರಿ. ಹೊಸ ಟಾಮ್‌ಕ್ಯಾಟ್‌ನ ಬಿನ್ ಫೋಲ್ಡರ್ ತೆಗೆದೆ. ಟಾಮ್‌ಕ್ಯಾಟ್ ಶುರುವಾಗುವಾಗ ಓದುವ ನಮ್ಮ ಸೆಟ್ಟಿಂಗ್‌ಗಳ ಸೆಟ್‌ಎನ್ವ್ ಫೈಲೇ ಇಲ್ಲ! ಅದು ಟಾಮ್‌ಕ್ಯಾಟ್ ಡೌನ್‌ಲೋಡ್ ಜೊತೆ ಬರಲ್ಲ, ನಾವೇ ಬರೆದು ಇಡಬೇಕು. ಪಕ್ಕದ ಹಳೇ ಫೋಲ್ಡರಿನಲ್ಲಿ ಹಾಗೇ ಬಿದ್ದಿತ್ತು. ಝ್ಯಾಬಿಕ್ಸ್ ಜಾವಾದ ಒಳಗಿನ ಮಾಹಿತಿ ಓದುವ ಬಾಗಿಲು, ಅಂದರೆ ಜೆಎಂಎಕ್ಸ್ ಪೋರ್ಟ್, ಅದರಲ್ಲಿತ್ತು, ಜಾವಾಗೆ 4 ಜಿಬಿ ಕೊಡು ಅನ್ನುವ ಸಾಲೂ ಅದರಲ್ಲೇ ಇತ್ತು. ಆ ಸಾಲಿಲ್ಲದಿದ್ದರೆ ಜಾವಾ ಮೆಷೀನಿನ ಮೆಮೊರಿಯ ಕಾಲು ಭಾಗಕ್ಕೆ ನಿಲ್ಲುತ್ತದೆ. ನಮ್ಮದು 8 ಜಿಬಿ, ಅಂದರೆ 2. ಎಚ್ಚರಿಸುವ ಗಂಟೆಯೂ ಹೋಯ್ತು, ಮೆಮೊರಿಯ ಅನ್ನವೂ ಅರ್ಧ ಆಯ್ತು.

ಹಾಗಾದರೆ ಕೆಂಪು ಹೋಗಿದ್ದು ಹೇಗೆ? ಯಾರು ಯಾವಾಗ ಏನು ಬದಲಾಯಿಸಿದರು ಅಂತ ಬರೆದಿಡುವ ಝ್ಯಾಬಿಕ್ಸ್‌ನ ಆಡಿಟ್ ಲಾಗ್ ನೋಡಿದೆ. ಭಾನುವಾರ ರಾತ್ರಿ 11.40. ನಾನೇ ಕೊಟ್ಟ ಲಾಗಿನ್. ಏಳು ಟ್ರಿಗರ್ (ಎಚ್ಚರಿಕೆ ಎಬ್ಬಿಸುವ ನಿಯಮ), ಒಂದಾದ ಮೇಲೊಂದು, ಡಿಸೇಬಲ್. ನಾಯಿ ಬೊಗಳುತ್ತೆ ಅಂತ ಅದರ ಬಾಯಿ ಕಟ್ಟಿ ಹೋಗಿದ್ದಾನೆ. ಆ ಏಳು ಸಾಲು ನೋಡ್ತಾ ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ.

ಅವನ ಉತ್ತರಗಳು ಕೇಳಿ. ಮೊದಲು "ನಾನಲ್ಲ ಸಾರ್, ನಮ್ಮ ಹುಡುಗ." ಆಮೇಲೆ "ಫೈರ್‌ವಾಲ್ ಪ್ರಾಬ್ಲಂ." ಆಮೇಲೆ "ಮಾನಿಟರಿಂಗ್ ನಮ್ಮ ಸ್ಕೋಪಲ್ಲಿ ಬರಲ್ಲ, 6,000 ಆಗುತ್ತೆ." ನಾನು ಕೂಗಾಡಿದ್ದಕ್ಕೆ ನನ್ನದೇ ಹೆಬ್ಬೆಟ್ಟಿನ ಸ್ಕ್ರೀನ್‌ಶಾಟ್: "ನೀವೇ ಓಕೆ ಮಾಡಿದೀರಲ್ಲ ಸಾರ್."

ಕೊನೆಗೆ "ಫ್ರೀಯಾಗಿ ಮಾಡಿಕೊಡ್ತೀನಿ" ಅಂತ ಬಂದು ಮಾಡಿದ್ದೇನು? ಜೆಎಂಎಕ್ಸ್‌ನಲ್ಲಿ ಅಥೆಂಟಿಕೇಟ್ ಫಾಲ್ಸ್ (ಪಾಸ್‌ವರ್ಡ್ ಬೇಡ), ಎಸ್‌ಎಸ್‌ಎಲ್ ಫಾಲ್ಸ್ (ಎನ್‌ಕ್ರಿಪ್ಷನ್ ಬೇಡ), ಪೋರ್ಟು ಹೊರಗಿನವರಿಗೂ ಓಪನ್. ಆ ಪೋರ್ಟ್ ಮುಟ್ಟಿದ ಯಾರು ಬೇಕಾದರೂ ಸರ್ವರಿನೊಳಗೆ ತಮಗೆ ಬೇಕಾದ ಕೋಡ್ ಓಡಿಸಬಹುದು. ಮನೆ ಬೀಗ ಕೆಟ್ಟರೆ ಬಾಗಿಲೇ ಕಿತ್ತಿಟ್ಟ ಹಾಗೆ.

ಅವನನ್ನು ಕಳಿಸಿ ನಾನೇ ಕೂತೆ. ಹಳೇ ಸೆಟ್‌ಎನ್ವ್ ಫೈಲನ್ನು ಹೊಸ ಬಿನ್‌ಗೆ ಹಾಕಿದೆ. ಜೆಎಂಎಕ್ಸ್ ಮಾತುಕತೆ ಮುಂದುವರಿಸುವ ಆರ್‌ಎಂಐ ಅನ್ನುವ ಇನ್ನೊಂದು ಪೋರ್ಟ್‌ಗೂ ಜೆಎಂಎಕ್ಸ್ ಪೋರ್ಟಿನ ನಂಬರೇ ಕೊಟ್ಟೆ, ಇಲ್ಲದಿದ್ದರೆ ಜಾವಾ ಪ್ರತಿ ಸಲ ಯಾವುದೋ ಬೇರೆ ಪೋರ್ಟ್ ಹಿಡಿಯುತ್ತೆ, ಫೈರ್‌ವಾಲ್ ತಡೆಯುತ್ತೆ. ಹೋಸ್ಟ್‌ನೇಮ್‌ನಲ್ಲಿ ಸರ್ವರಿನ ಐಪಿ. ಆದರೂ ಟಾಮ್‌ಕ್ಯಾಟ್ ಏಳಲಿಲ್ಲ, ಜೆಎಂಎಕ್ಸ್‌ನ ಪಾಸ್‌ವರ್ಡ್ ಫೈಲ್ ಬೇರೆಯವರೂ ಓದುವ ಹಾಗಿದೆ ಅಂತ ತಕರಾರು. ಟಾಮ್‌ಕ್ಯಾಟ್ ಓಡುವ ಯೂಸರಿಗೇ ಆ ಫೈಲ್ ಕೊಟ್ಟು 600 ಪರ್ಮಿಷನ್ (ಆ ಯೂಸರ್ ಮಾತ್ರ ಓದಿ ಬರೆಯಬಹುದು) ಹಾಕಿದ ಮೇಲೆ ಎದ್ದಿತು. ಒಟ್ಟು ನಲವತ್ತು ನಿಮಿಷ. ಇದಕ್ಕೆ 6,000 ಕೇಳಿದ್ದ!

ಅಪ್‌ಗ್ರೇಡ್‌ಗೆ ಮೊದಲು ಹಳೇ ಬಿನ್ ಫೋಲ್ಡರ್ ಕಾಪಿ ಇಟ್ಟುಕೊಳ್ಳಿ. ಝ್ಯಾಬಿಕ್ಸ್‌ನಲ್ಲಿ ಹೊರಗಿನವರಿಗೆ ನೋಡುವ ಲಾಗಿನ್ ಸಾಕು, ಬದಲಾಯಿಸುವುದು ಕೊಡಲೇಬೇಡಿ. ಕೆಂಪಿಲ್ಲ ಅಂತ ಸುಮ್ನೆ ಆಗಬೇಡಿ, ಗ್ರಾಫ್‌ನಲ್ಲಿ ಹೊಸ ಚುಕ್ಕಿ ಬೀಳುತ್ತಿದೆಯಾ ನೋಡಿ, ಮಿತಿ ಬೇಕಂತಲೇ ಇಳಿಸಿ ಫೋನ್ ಕಿಣಿಗುಟ್ಟುತ್ತಾ ನೋಡಿ, ಆಮೇಲೆ ದುಡ್ಡು ಹಾಕಿ.

ನನ್ನ 18,000 ವಾಪಸ್ ಬಂದಿಲ್ಲ. ಸಾವ್ಕಾರ್ರು ದಿನಾ ಬೆಳಿಗ್ಗೆ "ಏನಪ್ಪಾ, ಎಲ್ಲಾ ಹಸಿರಾ?" ಅಂತಾರೆ, ಗುಮಾಸ್ತರು ಲೆಕ್ಕದ ಪುಸ್ತಕ ಅಡ್ಡ ಹಿಡಿದು ನಗುತ್ತಾರೆ.