ಕಾಯಿ ಹಾಲಿನ ಮೋಮೋ ಸೂಪ್: ಯಾವ ಪ್ಯಾಕೆಟ್ ಕೊಳ್ಳಬೇಕು, ಯಾವುದು ಬೇಡ

ಫ್ರೋಜನ್ ಮೋಮೋ, ಕಾಯಿ ಹಾಲು, ಥಾಯ್ ಕರಿ ಪೇಸ್ಟ್. ಬೆಂಗಳೂರಿನಲ್ಲಿ ಈ ಮೂರೂ ಈಗ ಕಾಫಿ ಕುಡಿದು ಲೋಟ ತೊಳೆದಿಡುವಷ್ಟರಲ್ಲಿ ಮನೆ ಬಾಗಿಲಿಗೆ ಬರುತ್ತವೆ. ಸೂಪ್ ಆಗಲು ಅಲ್ಲಿಂದ ಮುಂದೆ ಇಪ್ಪತ್ತೈದು ನಿಮಿಷ ಸಾಕು. ಇಷ್ಟು ಸಲೀಸಾದ ಅಡುಗೆಯೂ ಕೆಡುತ್ತದೆ. ನೀರು ನೀರಾಗುತ್ತದೆ, ಇಲ್ಲವೇ ಗಂಜಿಯಾಗುತ್ತದೆ, ಇಲ್ಲವೇ ವೀಗನ್ ಎಂದುಕೊಂಡು ಕುಡಿದದ್ದರಲ್ಲಿ ಹಾಲಿನ ಅಂಶ ಇರುತ್ತದೆ. ಇವುಗಳಲ್ಲಿ ಹೆಚ್ಚಿನವು ಒಲೆ ಹಚ್ಚುವ ಮೊದಲೇ, ಪ್ಯಾಕೆಟ್ ಆರಿಸುವಾಗಲೇ ಆಗಿಹೋದ ತಪ್ಪುಗಳು.

ಮೂರರಲ್ಲಿ ಹೆಚ್ಚು ಯೋಚಿಸಿ ಕೊಳ್ಳಬೇಕಾದ್ದು ಕಾಯಿ ಹಾಲು. 'ಕೋಕನಟ್ ಮಿಲ್ಕ್' ಎಂಬ ಒಂದೇ ಹೆಸರಿನಲ್ಲಿ ಅಂಗಡಿಯಲ್ಲಿ ನಾಲ್ಕು ಬೇರೆ ಪದಾರ್ಥಗಳಿವೆ: 200 ಮಿ.ಲೀ. ಟೆಟ್ರಾ ಪ್ಯಾಕ್, 400 ಮಿ.ಲೀ. ಡಬ್ಬ, ಪುಡಿ, ಮತ್ತೆ ಕಾಫಿಗೆ ಬೆರೆಸುವ ಒಂದು ಲೀಟರಿನ ಪಾನೀಯ. ಕೊನೆಯದನ್ನು ಸೂಪಿಗೆಂದು ತರಲೇಬೇಡಿ. ಅದರಲ್ಲಿ ಕೊಬ್ಬು ತೀರಾ ಕಡಿಮೆ, ಸಕ್ಕರೆಯೂ ಇರಬಹುದು. ಕಾಯಿಸಿದರೆ ಸಿಗುವುದು ಅಕ್ಕಿ ತೊಳೆದ ನೀರಿನಂಥದ್ದು.

ಉಳಿದವುಗಳಲ್ಲಿ ಬ್ರ್ಯಾಂಡ್ ಹೆಸರು ಆಮೇಲೆ, ಮೊದಲು ಹಿಂಬದಿಯಲ್ಲಿ 'ಫ್ಯಾಟ್' ಎಂದಿರುವ ಸಾಲು ಓದಿ. ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡದಲ್ಲಿ ಕಾಯಿ ಹಾಲು ಅನ್ನಿಸಿಕೊಳ್ಳಲು ಕನಿಷ್ಠ 10% ಕೊಬ್ಬು ಬೇಕು, ಕ್ರೀಮ್‌ಗೆ 20%, 'ಲೈಟ್'ಗೆ 5%. ಅಂದರೆ ಒಂದೇ ಅಳತೆಯ ಎರಡು ಪ್ಯಾಕೆಟ್‌ಗಳಲ್ಲಿ ಒಂದು ಇನ್ನೊಂದಕ್ಕಿಂತ ಎರಡು ಪಟ್ಟು ಗಟ್ಟಿ ಇರಬಹುದು. ಸೂಪಿನಲ್ಲಿ ಕೊನೆಗೆ 7% ಆಸುಪಾಸು ಕೊಬ್ಬು ಉಳಿದರೆ ನಾಲಿಗೆಗೆ ಹಿತ. ಲೆಕ್ಕ ಸುಲಭ: 100 ಮಿ.ಲೀ.ಗೆ 20 ಗ್ರಾಂ ಕೊಬ್ಬಿರುವ 200 ಮಿ.ಲೀ. ಪ್ಯಾಕಿಗೆ 400 ಮಿ.ಲೀ. ನೀರು ಹಿಡಿಯುತ್ತದೆ. 10 ಗ್ರಾಂ ಇರುವುದಕ್ಕೆ 100 ಮಿ.ಲೀ. ಮಾತ್ರ. ಇಬ್ಬರಿಗಾಗುವ 600 ಮಿ.ಲೀ. ಸೂಪಿಗೆ ಮೊದಲನೆಯದು ಒಂದು ಪ್ಯಾಕ್ ಸಾಕು, ಎರಡನೆಯದು ಎರಡು ಬೇಕು. ಬೆಲೆಯನ್ನು ಮಿಲಿಲೀಟರಿನಲ್ಲಿ ಭಾಗಿಸದೆ ಕೊಬ್ಬಿನ ಗ್ರಾಂನಲ್ಲಿ ಭಾಗಿಸಿ ನೋಡಿ, ಅಗ್ಗದ ಪ್ಯಾಕೆಟ್ಟಿನ ಬಣ್ಣ ಬಯಲಾಗುತ್ತದೆ.

ಪದಾರ್ಥಗಳ ಪಟ್ಟಿಯಲ್ಲಿ ಆಹಾರಕ್ಕೆ ಬೆರೆಸುವ ವಸ್ತುಗಳ ಗುರುತಾದ ಐಎನ್‌ಎಸ್ 412, 415, 466, 435 ಎಂಬ ಸಂಖ್ಯೆಗಳು ಕಂಡರೆ ಗಾಬರಿ ಬೇಡ. 412 ಅಂದರೆ ಗೌರ್ ಗಮ್, ನಮ್ಮ ಗೋರಿಕಾಯಿಯ ಬೀಜದ ಅಂಟು. ನೀರೂ ಕೊಬ್ಬೂ ಬೇರೆಯಾಗದಂತೆ ಹಿಡಿದಿಡುವುದು ಇವುಗಳ ಕೆಲಸ. ಸೂಪಿಗೆ ಇದು ಅನುಕೂಲವೇ, ಹಾಲು ಬೇಗ ಒಡೆಯುವುದಿಲ್ಲ. ತೊಂದರೆ ಇನ್ನೊಂದು ಕಡೆ. ಕಾಯಿ ಹಾಲಿನ ಕೆನೆಯನ್ನು ಎಣ್ಣೆ ಬಿಡುವವರೆಗೆ ಕುದಿಸಿ ಅದರಲ್ಲೇ ಪೇಸ್ಟ್ ಹುರಿಯುವುದು ಥಾಯ್ ಪದ್ಧತಿ. ಅಂಟು ಬೆರೆತ ಹಾಲು ಎಷ್ಟು ಕುದಿಸಿದರೂ ಎಣ್ಣೆ ಬಿಡುವುದಿಲ್ಲ, ಪೇಸ್ಟ್ ಹಸಿ ವಾಸನೆಯಲ್ಲೇ ಬೇಯುತ್ತದೆ. ಹಾಗಾಗಿ ಪೇಸ್ಟನ್ನು ಮೊದಲೇ ಎಣ್ಣೆಯಲ್ಲಿ ಹುರಿದುಕೊಳ್ಳಬೇಕು.

ಡಬ್ಬವೋ ಟೆಟ್ರಾವೋ ಅಂದರೆ ನಮ್ಮ ಮತ ಟೆಟ್ರಾಗೆ. ಡಬ್ಬದ ಹಾಲು ಮುಚ್ಚಿದ ಡಬ್ಬದೊಳಗೇ ಹೆಚ್ಚು ಹೊತ್ತು ಬೆಂದಿರುತ್ತದೆ, ಕಾಯಿಸಿದ ಒಂದು ವಾಸನೆ ಉಳಿಯುತ್ತದೆ. ನಾಲ್ಕು ಜನಕ್ಕೆ ಮಾಡುವಾಗ ಡಬ್ಬ ಸರಿ. ಡಿಸೆಂಬರ್-ಜನವರಿಯಲ್ಲಿ ತೆರೆದಾಗ ಮೇಲೆ ಬೆಣ್ಣೆಯಂಥ ಗಡ್ಡೆ, ಕೆಳಗೆ ತಿಳಿನೀರು ಕಂಡರೆ ಕೆಟ್ಟಿದೆ ಎಂದು ಚೆಲ್ಲಬೇಡಿ. ತೆಂಗಿನ ಕೊಬ್ಬು ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ನಮ್ಮ ಚಳಿಗಾಲಕ್ಕೆ ಅಷ್ಟು ಧಾರಾಳ. ಬಿಸಿನೀರಿನಲ್ಲಿ ಐದು ನಿಮಿಷ ಇಟ್ಟು ಕುಲುಕಿದರೆ ಸರಿಹೋಗುತ್ತದೆ. ಹುಳಿ ವಾಸನೆ ಬಂದರೆ, ಡಬ್ಬ ಉಬ್ಬಿದ್ದರೆ ಮಾತ್ರ ಕಸಕ್ಕೆ.

ಪುಡಿಯದ್ದು ಬೇರೆಯೇ ಕಥೆ. ಹಲವು ಕಾಯಿ ಹಾಲಿನ ಪುಡಿಗಳಲ್ಲಿ ಸೋಡಿಯಂ ಕೇಸಿನೇಟ್ ಇರುತ್ತದೆ, ಅದು ಹಸುವಿನ ಹಾಲಿನ ಪ್ರೋಟೀನು. ಪ್ಯಾಕೆಟ್ ಮೇಲೆ ಹಸಿರು ಚುಕ್ಕೆ ಇದ್ದೇ ಇರುತ್ತದೆ, ಯಾಕೆಂದರೆ ಹಸಿರು ಚುಕ್ಕೆ ಸಸ್ಯಾಹಾರದ ಗುರುತು, ಅದಕ್ಕೆ ಹಾಲು ವರ್ಜ್ಯವಲ್ಲ. ವೀಗನ್ ಆಹಾರಕ್ಕೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2022ರಲ್ಲಿ ಪ್ರತ್ಯೇಕ ನಿಯಮ ತಂದಿದೆ, ಹಸಿರು 'ವಿ' ಅಕ್ಷರದ ಗುರುತು ಬೇರೆಯೇ ಇದೆ. ಅದು ಕಾಣದಿದ್ದರೆ ಅಲರ್ಜಿ ಮಾಹಿತಿಯ ಸಾಲಿನಲ್ಲಿ 'ಮಿಲ್ಕ್' ಇದೆಯೇ ನೋಡಿ. ವೀಗನ್ ಪುಡಿ ಸಿಕ್ಕಿದರೂ ಅದನ್ನು ನೇರ ಕುದಿಯುವ ಸೂಪಿಗೆ ಸುರಿಯಬೇಡಿ, ಗಂಟು ಕಟ್ಟುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿ ಸೋಸಿ ಹಾಕಿ. ಪ್ರವಾಸಕ್ಕೆ ಹೋದಾಗ ಸರಿ, ಮನೆಯಲ್ಲಿ ಇದರ ಅಗತ್ಯವಿಲ್ಲ.

ಮನೆಯಲ್ಲೇ ತುರಿದು ಹಿಂಡಿದ ಹಾಲಿನ ರುಚಿಗೆ ಯಾವ ಪ್ಯಾಕೆಟ್ಟೂ ಸಮನಲ್ಲ, ನಿಜ. ಒಂದು ಮಧ್ಯಮ ಕಾಯಿ, ಬೆಚ್ಚಗಿನ ನೀರು ಒಂದು ಬಟ್ಟಲು, ರುಬ್ಬಿ ಬಟ್ಟೆಯಲ್ಲಿ ಹಿಂಡಿದರೆ ಮೊದಲ ಹಾಲು. ಅದೇ ಚರಟಕ್ಕೆ ಇನ್ನೊಂದೂವರೆ ಬಟ್ಟಲು ನೀರು ಹಾಕಿ ಎರಡನೇ ಹಾಲು. ತರಕಾರಿ ಬೇಯುವುದು ಎರಡನೇ ಹಾಲಿನಲ್ಲಿ, ಮೊದಲ ಹಾಲು ಇಳಿಸುವ ಮುನ್ನ. ಇದರಲ್ಲಿ ಅಂಟಿಲ್ಲ, ಕೊಬ್ಬನ್ನು ಹಿಡಿದಿಡುವುದು ಕಾಯಿಯದೇ ಪ್ರೋಟೀನು. ಜೋರು ಕುದಿಗೋ ಹುಳಿಗೋ ಆ ಪ್ರೋಟೀನು ಕೆಟ್ಟರೆ ಹಾಲು ಒಡೆದು ಎಣ್ಣೆ ತೇಲುತ್ತದೆ. ಕಾಯಿ ಸುಲಿದು ತುರಿಯುವ ಹೊತ್ತು ಸೇರಿದರೆ ಅರ್ಧ ಗಂಟೆ ಮೇಲೆಯೇ. ಭಾನುವಾರಕ್ಕಾದರೆ ಇದು, ಕಚೇರಿ ಮುಗಿಸಿ ಬಂದ ಸಂಜೆಗೆ ಟೆಟ್ರಾ.

ಇನ್ನು ಮೋಮೋ. 'ವೆಜ್' ಎಂದಾಕ್ಷಣ ವೀಗನ್ ಅಲ್ಲ. ಪನೀರ್, ಚೀಸ್-ಕಾರ್ನ್ ಬಿಡಿ, ಬರೀ ತರಕಾರಿಯದರಲ್ಲೂ ಬೆಣ್ಣೆಯೋ ಹಾಲಿನ ಪುಡಿಯೋ ನುಸುಳಿರಬಹುದು. ಎಲೆಕೋಸು, ಕ್ಯಾರೆಟ್, ಸೋಯಾ ಹೂರಣದ್ದು ಸೂಪಿಗೆ ಚೆನ್ನ. ಪ್ಯಾಕೆಟ್ಟಿನ ತೂಕವನ್ನು ಎಣಿಕೆಯಿಂದ ಭಾಗಿಸಿ: ಒಂದಕ್ಕೆ 20 ಗ್ರಾಂ ಒಳಗಿದ್ದರೆ ಚಮಚದಲ್ಲಿ ಕೂರುತ್ತದೆ, ಒಂದೇ ಬಾಯಿಗಾಗುತ್ತದೆ. ಪ್ಯಾಕೆಟ್ ಒತ್ತಿ ನೋಡಿದಾಗ ಮೋಮೋಗಳು ಬಿಡಿಬಿಡಿಯಾಗಿ ಸದ್ದು ಮಾಡಬೇಕು. ಒಂದೇ ಮುದ್ದೆಯಾಗಿದ್ದರೆ, ಒಳಗೆ ಐಸಿನ ಹರಳು ತುಂಬಿದ್ದರೆ, ಎಲ್ಲೋ ಕರಗಿ ಮತ್ತೆ ಹೆಪ್ಪುಗಟ್ಟಿದೆ ಎಂದರ್ಥ. ಅಂಥದ್ದನ್ನು ಡೆಲಿವರಿ ತಂದವರ ಕೈಗೇ ವಾಪಸು ಕೊಡಿ.

ಫ್ರೀಜರಿನಿಂದ ತೆಗೆದದ್ದು ನೇರ ಹಬೆಗೆ ಹೋಗಬೇಕು. ಕರಗಲು ಬಿಟ್ಟರೆ ಮೈದಾ ಹಾಳೆ ಅಂಟಿ ಹರಿಯುತ್ತದೆ. ಬಿದಿರಿನ ಸ್ಟೀಮರ್ ಏನೂ ಬೇಡ, ಇಡ್ಲಿ ತಟ್ಟೆಗೆ ಎಣ್ಣೆ ಸವರಿ ಗುಳಿಗೊಂದರಂತೆ ಇಟ್ಟರಾಯಿತು. ಕುಕ್ಕರಿನಲ್ಲಾದರೆ ವೆಯ್ಟ್ ಹಾಕಬೇಡಿ. ಪ್ಯಾಕೆಟ್ 8 ನಿಮಿಷ ಅಂದರೆ ಇಲ್ಲಿ 9 ಅಥವಾ 10 ಇಡಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ನೀರು ಕುದಿಯುವುದು 97 ಡಿಗ್ರಿ ಹತ್ತಿರ. ಒಂದು ಪಾತ್ರೆ ಉಳಿಯಲಿ ಎಂದು ಮೋಮೋವನ್ನು ಸೂಪಿನಲ್ಲೇ ಕುದಿಸುವವರಿದ್ದಾರೆ. ಮೈದಾದ ಪಿಷ್ಟ ಬಿಟ್ಟುಕೊಂಡು ಸೂಪ್ ಗಂಜಿಯಾಗುತ್ತದೆ, ಮಡಿಕೆ ಬಿಚ್ಚಿ ಹೂರಣ ಈಜಾಡುತ್ತದೆ.

ಕರಿ ಪೇಸ್ಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಸಲಿ ಥಾಯ್ ಕೆಂಪು ಪೇಸ್ಟಿನಲ್ಲಿ ಸಿಗಡಿ ಇರುತ್ತದೆ, ಆಮದು ಡಬ್ಬಿಯ ಮೇಲೆ ಅಂಟಿಸಿದ ಚೀಟಿಯಲ್ಲಿ ಕಂದು ಗುರುತಿದೆಯೇ ನೋಡಿ. ಸಿಗಡಿ ಇಲ್ಲದ್ದೂ ಸಿಗುತ್ತದೆ, ಎರಡರಲ್ಲೂ ಉಪ್ಪು ಜಾಸ್ತಿ. ಅದಕ್ಕಿಂತ ಮಿಕ್ಸಿಯಲ್ಲಿ ಐದು ನಿಮಿಷದ್ದೇ ಮೇಲು: ನೆನೆಸಿದ ಬ್ಯಾಡಗಿ 4, ಗುಂಟೂರು 1, ಸಾಂಬಾರ್ ಈರುಳ್ಳಿ 4, ಬೆಳ್ಳುಳ್ಳಿ 4 ಎಸಳು, ಅರ್ಧ ಇಂಚು ಶುಂಠಿ, ಕೊತ್ತಂಬರಿ ಬೀಜ 1 ಟೀ ಚಮಚ, ಜೀರಿಗೆ ಅರ್ಧ, ಒಂದು ಹಿಡಿ ಕೊತ್ತಂಬರಿ ದಂಟು, ಒಂದು ಕಡ್ಡಿ ಮಜ್ಜಿಗೆ ಹುಲ್ಲಿನ (ಲೆಮನ್‌ಗ್ರಾಸ್) ಬಿಳಿ ಬುಡ. ಮಜ್ಜಿಗೆ ಹುಲ್ಲು ಕುಂಡದಲ್ಲಿ ಇಲ್ಲದವರು ಶಿವಾಜಿನಗರದ ರಸೆಲ್ ಮಾರುಕಟ್ಟೆಯಲ್ಲಿ ಕೇಳಬಹುದು. ಸಾರಿನ ಪುಡಿ ಮಾತ್ರ ಬೇಡ. ಮೆಂತ್ಯ, ಇಂಗು ಸೇರಿದರೆ ಮೋಮೋ ಸಾಂಬಾರ್ ಆಗುತ್ತದೆ, ಸೂಪ್ ಅಲ್ಲ.

ಇಬ್ಬರಿಗೆ ಅಳತೆ: 12 ಮೋಮೋ, ಗಟ್ಟಿ ಕಾಯಿ ಹಾಲು 200 ಮಿ.ಲೀ., ನೀರು 400, ಪೇಸ್ಟ್ ಒಂದೂವರೆ ದೊಡ್ಡ ಚಮಚ. ಮೋಮೋ ಹಬೆಗಿಟ್ಟು ಪಕ್ಕದ ಒಲೆಯಲ್ಲಿ ಒಂದು ದೊಡ್ಡ ಚಮಚ ಎಣ್ಣೆ ಕಾಯಿಸಿ, ಪೇಸ್ಟನ್ನು ಸಣ್ಣ ಉರಿಯಲ್ಲಿ 2 ನಿಮಿಷ ಹುರಿಯಿರಿ. ಮನೆಯ ಪೇಸ್ಟ್ ಆದರೆ 4 ನಿಮಿಷ, ಹಸಿ ಈರುಳ್ಳಿಯ ವಾಸನೆ ಹೋಗಬೇಕು. ನೀರು, ಒಂದು ಟೀ ಚಮಚ ಬೆಲ್ಲ, ಒಂದು ಟೀ ಚಮಚ ಸೋಯಾ ಸಾಸ್, ತೆಳ್ಳಗೆ ಹೆಚ್ಚಿದ ಕ್ಯಾರೆಟ್, ಅಣಬೆ ಹಾಕಿ 5 ನಿಮಿಷ ಕುದಿಸಿ. ಡಾರ್ಕ್ ಸೋಯಾ ಹಾಕಿದರೆ ಬಣ್ಣ ಕೆಸರಾಗುತ್ತದೆ, ಲೈಟ್ ಇರಲಿ. ಉರಿ ತಗ್ಗಿಸಿ ಕಾಯಿ ಹಾಲು ಬೆರೆಸಿ, ಅಂಚಿನಲ್ಲಿ ಸಣ್ಣ ಗುಳ್ಳೆ ಏಳುವಂತೆ 3 ನಿಮಿಷ. ಎಳೆ ನಿಂಬೆ ಎಲೆ ಎರಡು ಸಿಕ್ಕರೆ ಹರಿದು ಹಾಕಿ. ಒಲೆ ಆರಿಸಿದ ಮೇಲೆ ಅರ್ಧ ನಿಂಬೆಹಣ್ಣಿನ ರಸ, ಆಮೇಲೆ ರುಚಿ ನೋಡಿ ಉಪ್ಪು. ಬಟ್ಟಲಿಗೆ ಮೊದಲು ಮೋಮೋ, ಮೇಲೆ ಬಿಸಿ ಸೂಪ್. ಹಾಲು ಒಡೆದೇಬಿಟ್ಟರೆ ಒಂದು ಟೀ ಚಮಚ ಕಾರ್ನ್‌ಫ್ಲೋರ್ ತಣ್ಣೀರಿನಲ್ಲಿ ಕಲಸಿ ಹಾಕಿ, ಒಂದು ನಿಮಿಷ ಕಾಯಿಸಿ ಹ್ಯಾಂಡ್ ಬ್ಲೆಂಡರ್ ಆಡಿಸಿ.

ಮಿಕ್ಕ ಕಾಯಿ ಹಾಲನ್ನು ಡಬ್ಬದಲ್ಲೇ ಬಿಡದೆ ಗಾಜಿನ ಪಾತ್ರೆಗೆ ಸುರಿದು ಫ್ರಿಜ್ಜಿನಲ್ಲಿಟ್ಟು ಮೂರು ದಿನದೊಳಗೆ ಬಳಸಿ, ಇಲ್ಲವೇ ಐಸ್ ಟ್ರೇಯಲ್ಲಿ ಹೆಪ್ಪುಗಟ್ಟಿಸಿ. ಸೂಪೂ ಮೋಮೋವೂ ಉಳಿದರೆ ಬೇರೆ ಬೇರೆ ಡಬ್ಬಿಯಲ್ಲಿಡಿ. ಒಟ್ಟಿಗಿಟ್ಟರೆ ಬೆಳಗಾಗುವಷ್ಟರಲ್ಲಿ ಮೋಮೋ ಸೂಪನ್ನೆಲ್ಲ ಹೀರಿ ಉಬ್ಬಿರುತ್ತದೆ. ಮೋಮೋ ಖಾಲಿಯಾಗಿ ಸೂಪ್ ಮಾತ್ರ ಉಳಿದಿದ್ದರೆ ಮರುದಿನ ಒತ್ತು ಶಾವಿಗೆಯ ಮೇಲೆ ಸುರಿದುಕೊಳ್ಳಿ.